ಬಂದರಿಗೊಂದು ಹೆಸರು

ಅಂದು ಬೆಳಿಗ್ಗೆ ಯಾರೂ ಬಾಗಿಲು ತಳ್ಳಿಕೊಂಡು ಒಳಗೆ ಬರಲಿಲ್ಲ.

ಹಿಂದಿನ ದಿನ ನನ್ನ ಗಂಡ ಅಮಾರುಕ್‌ನ ಗೋರಿಯ ಮೇಲೆ ಕಲ್ಲು ಪೇರಿಸಿ ಬಂದಾಗ ಹೊಸ್ತಿಲಲ್ಲಿ ಬೂಟುಗಳ ರಾಶಿ ಬಿದ್ದಿತ್ತು. ಊರಿನವರು ಬಂದು ಕೂತು, ಚಹಾ ಕುಡಿದು, ಸೀಲ್ ಮಾಂಸ ತಿಂದು ಎದ್ದು ಹೋಗಿದ್ದರು. ಈಗ ಒಂದೇ ಜೊತೆ ಬೂಟು ಇತ್ತು, ನನ್ನದು. ಅಭ್ಯಾಸಬಲದಿಂದ ದೊಡ್ಡ ಕೆಟಲಿಗೇ ನೀರು ತುಂಬಿ ಒಲೆಯ ಮೇಲಿಟ್ಟಿದ್ದೆ. ಅದು ಕುದ್ದು ಕುದ್ದು ಅರ್ಧಕ್ಕಿಳಿಯಿತು.

ಸಾವಿನ ಮನೆಯನ್ನು ನಮ್ಮವರು ಹೀಗೆ ಖಾಲಿ ಬಿಡುವುದಿಲ್ಲ. ಏನೋ ಇದೆ ಎಂದು ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ.

ಕಿಟಕಿಯಿಂದ ಕೊಲ್ಲಿ ಕಾಣುತ್ತದೆ. ಮೇ ತಿಂಗಳ ಕೊನೆ, ಸೂರ್ಯ ಮುಳುಗುವುದನ್ನು ಬಿಟ್ಟಾಗಿತ್ತು. ಕಡಲ ಮೇಲಿನ ಮಂಜುಗಡ್ಡೆ ಇನ್ನೂ ದಪ್ಪವಾಗಿ ನಿಂತಿತ್ತು. ಅದರ ನಡುವೆ ಬೂದುಬಣ್ಣದ ಒಂದು ಪಟ್ಟಿ. ಮಂಜು ಒಡೆಯುವ ಹಡಗು ಹೋದ ದಾರಿ ಅದು. ಅಂಥ ದಾರಿ ತೆಳ್ಳಗೆ ಮತ್ತೆ ಹೆಪ್ಪುಗಟ್ಟುತ್ತದೆ, ಮೇಲೆ ಹಿಮ ಹಾರಿ ಕೂರುತ್ತದೆ, ಮಬ್ಬಿನಲ್ಲಿ ಗಟ್ಟಿನೆಲದಂತೆಯೇ ಕಾಣುತ್ತದೆ. ಅಮಾರುಕ್ ಹಿಮಬಂಡಿಯ ಸಮೇತ ಅದರೊಳಗೆ ಹೋದ.

ಅವನ ತಂಗಿ ಲೀಟಿಯಾ ಹೆರಿಗೆಗೆಂದು ದೊಡ್ಡೂರಿನ ಆಸ್ಪತ್ರೆಗೆ ವಿಮಾನದಲ್ಲಿ ಹೋಗಿ ಕಾಯುತ್ತಿದ್ದಳು. ಮಣ್ಣಿಗೂ ಬರಲಾಗಲಿಲ್ಲ. ನಮ್ಮಲ್ಲಿ ಸತ್ತವರ ಹೆಸರು ಮುಂದೆ ಹುಟ್ಟುವ ಕೂಸಿಗೆ ಹೋಗುತ್ತದೆ, ಹೆಸರಿನೊಡನೆ ಮನುಷ್ಯನೂ ಹೋಗುತ್ತಾನೆ. ಲೀಟಿಯಾ ತಾನು ಹೆತ್ತದ್ದನ್ನು ಅಣ್ಣ ಎಂದು ಕರೆಯುತ್ತಾಳೆ. ನಾನು ಅದನ್ನು ನನ್ನ ಗಂಡ ಎನ್ನುತ್ತೇನೆ. ಹೆಸರು ಹೋಗದಿದ್ದರೆ ಅವನು ಹೋದ, ಅಷ್ಟೇ. ನಾನು ದಕ್ಷಿಣದ ವಿಶ್ವವಿದ್ಯಾಲಯದಲ್ಲಿ ಓದಿ ಬಂದವಳು. ಇದನ್ನೆಲ್ಲ ನಂಬುತ್ತೀಯಾ ಎಂದು ಅಲ್ಲಿಯ ಗೆಳತಿಯರು ಕೇಳುತ್ತಿದ್ದರು. ಈಗ ನನಗೆ ಆ ಹೆಸರು ಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ.

ಹೆಸರು ಬಿಟ್ಟುಕೊಡಬೇಕಾದವರು ಕುಪ್ಪಾಕ್ ಮಾವ. ಅಮಾರುಕ್‌ನ ತಾಯಿಯ ಅಣ್ಣ, ಮನೆತನದಲ್ಲಿ ಉಳಿದ ಒಬ್ಬರೇ ಹಿರಿಯರು. ಅವನನ್ನು ನೀರಿನಿಂದ ಎಳೆದು ತಂದವರೂ ಅವರೇ. ಕಲ್ಲು ಪೇರಿಸುವಾಗ ಅವರು ಹೆಸರಿನ ಸುದ್ದಿ ಎತ್ತಲೇ ಇಲ್ಲ.

ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತಟ್ಟುವವರು ದಕ್ಷಿಣದವರು ಮಾತ್ರ.

ಡೆರೆಕ್ ಹಾಲ್ಯಾರ್ಡ್ ನಿಂತಿದ್ದ. ರಾಜಧಾನಿಯ ಕಚೇರಿಯವನು, ಅಮಾರುಕ್‌ನೊಡನೆ ಕೆಲಸ ಮಾಡಿದವನು. ಪ್ರತಿ ವಸಂತದಲ್ಲೂ ಬಂದರೆ ನಮ್ಮ ಮನೆಯ ಸೋಫಾದ ಮೇಲೇ ಮಲಗುತ್ತಿದ್ದ. ಮೊದಲ ಸಲ ಸೀಲ್‌ನ ಹಸಿ ಪಿತ್ತಜನಕಾಂಗ ತಿಂದು ಹೊರಗೆ ಓಡಿದ್ದ. ಅಮಾರುಕ್ ನೆಲದ ಮೇಲೆ ಬಿದ್ದು ನಕ್ಕಿದ್ದ.

"ನಿವಿಯಾ, ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಹೇಳ್ಬೇಡ. ಚಹಾ ಇದೆ, ಬಗ್ಗಿಸ್ಕೋ."

ಅವನು ಬಗ್ಗಿಸಿಕೊಂಡು ಅತ್ತ. ನಾನು ನೋಡುತ್ತಾ ಕೂತೆ. ನನಗೆ ಇನ್ನೂ ಅಳು ಬಂದಿರಲಿಲ್ಲ.

ಮರುದಿನ ಊರ ಸಭಾಂಗಣದಲ್ಲಿ ಅವನ ಸಭೆ ಇತ್ತು. ಉತ್ತರದ ಕಡಲಿಗಾಗಿ ರಾಜಧಾನಿ ಸಿದ್ಧಪಡಿಸಿದ ರಾಷ್ಟ್ರೀಯ ಕಾರ್ಯನೀತಿಯನ್ನು ನಮ್ಮೆದುರು ಓದಬೇಕಿತ್ತು. ದೊಡ್ಡೂರಿನಿಂದ ಬರಬೇಕಿದ್ದ ದುಭಾಷಿಯ ವಿಮಾನ ಮಬ್ಬು ಕವಿದದ್ದರಿಂದ ಹೊರಟಿರಲಿಲ್ಲ.

"ನಿನ್ನನ್ನ ಕೇಳಬಾರದು, ಗೊತ್ತು. ಆದ್ರೆ ನಿನ್ನಷ್ಟು ಚೆನ್ನಾಗಿ ಇನ್ಯಾರೂ ಮಾಡಲ್ಲ. ಇನ್ನೊಂದು ವಿಷಯ ಇದೆ. ಇಲ್ಲಿ ಹೊಸ ಬಂದರು ಬರುತ್ತೆ. ಅದಕ್ಕೆ ಅವನ ಹೆಸರು. ಅಮಾರುಕ್ ಬಂದರು ಅಂತ. ನಕ್ಷೆಯಲ್ಲಿ ಅವನು ಶಾಶ್ವತವಾಗಿ ಇರ್ತಾನೆ."

"ಹಡಗು ಯಾಕೆ ಬಂತು ಡೆರೆಕ್?"

ಅವನು ಲೋಟದೊಳಗೆ ನೋಡಿದ. ಆಮೇಲೆ ನನ್ನ ಮುಖವನ್ನು ಒಂದು ಥರ ನೋಡಿದ, ನಾನೇನೋ ನಾಟಕ ಆಡುತ್ತಿದ್ದೇನೆ ಎನ್ನುವಂತೆ.

"ನಾಳೆ ಹೇಳ್ತೀನಿ. ಎಲ್ಲರ ಮುಂದೆ."

ನಾನು ಒಪ್ಪಿಕೊಂಡೆ. ಸಭೆಗೆ ಕುಪ್ಪಾಕ್ ಮಾವ ಬರುತ್ತಾರೆ. ಮುಗಿದ ಮೇಲೆ ಅವರನ್ನು ಹಿಡಿದು ಹೆಸರಿನ ಮಾತು ಆಡಬಹುದು ಎಂದುಕೊಂಡೆ.

ಅಮಾರುಕ್‌ನ ಕೆಲಸ ಇಷ್ಟು. ಮಂಜು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. ನಮ್ಮ ಜಲಸಂಧಿಯಲ್ಲಿ ತಮ್ಮ ಹಡಗು ಓಡಿಸಬೇಕೆಂದು ಬೇರೆ ದೇಶಗಳು ಕಾದಿವೆ. ಅದು ಎಲ್ಲರ ದಾರಿ ಎಂದು ಅವರ ವಾದ. ಅದು ನಮ್ಮದು, ನಮ್ಮ ಜನ ಆ ಮಂಜಿನ ಮೇಲೆಯೇ ಬದುಕುತ್ತಾರೆ ಎಂದು ನಮ್ಮ ರಾಜಧಾನಿಯ ವಾದ. ಹಾಗೆ ತೋರಿಸಲು ಮಂಜಿನ ಮೇಲೆ ಬೇಟೆಗಾರರು ಓಡಾಡುವ ದಾರಿಗಳು ಅವರಿಗೆ ಬೇಕಿದ್ದವು. ಅಮಾರುಕ್ ಎಷ್ಟೋ ಚಳಿಗಾಲ ಮನೆಮನೆ ಕೂತು ಆ ದಾರಿಗಳನ್ನು ಕೇಳಿ ಕೇಳಿ ಬರೆದುಕೊಂಡ. ಎಲ್ಲರಿಗಿಂತ ಹೆಚ್ಚು ಹೇಳಿದವರು ಕುಪ್ಪಾಕ್ ಮಾವ. ಅದಕ್ಕೆ ಪ್ರತಿಯಾಗಿ ರಾಜಧಾನಿ ಒಂದು ಮಾತು ಕೊಟ್ಟಿತ್ತು: ಜುಲೈಯಲ್ಲಿ ಮಂಜು ತಾನಾಗಿ ಒಡೆಯುವವರೆಗೆ ಯಾವ ಹಡಗೂ ಬರುವುದಿಲ್ಲ. ಆ ಮಾತನ್ನು ಊರ ರೇಡಿಯೋದಲ್ಲಿ ಅಮಾರುಕ್ ತನ್ನ ಬಾಯಿಂದಲೇ ಹೇಳಿದ್ದ.

ಹಡಗು ಮೇ ತಿಂಗಳಲ್ಲಿ ಬಂತು.

ಸಭಾಂಗಣ ತುಂಬಿತ್ತು. ಕುಪ್ಪಾಕ್ ಮಾವ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ರೆಗೀಲಿ ಅತ್ತೆ, ಮಡಿಲಲ್ಲಿ ಹೊಲಿಯುವ ಚರ್ಮ. ಗೋಡೆಯ ಮೇಲೆ ದೊಡ್ಡ ನಕ್ಷೆ. ನಮ್ಮ ಜಲಸಂಧಿಯ ನಡುವೆ ಈ ತುದಿಯಿಂದ ಆ ತುದಿಗೆ ದಪ್ಪ ಕೆಂಪುಗೆರೆ, ಹಡಗುಗಳ ದಾರಿ.

ದುಭಾಷಿ ತಾನು ಅಲ್ಲಿ ಇಲ್ಲದಂತೆ ಮಾತಾಡಬೇಕು. ಅವನು ನಾವು ಎಂದರೆ ನಾನೂ ನಾವು ಎನ್ನಬೇಕು. ನಾವು ಈ ಜಲಸಂಧಿಯನ್ನು ವರ್ಷವಿಡೀ ತೆರೆದಿಡುತ್ತೇವೆ, ಎಂದೆ. ನಾವು ಇಲ್ಲಿ ಬಂದರು ಕಟ್ಟುತ್ತೇವೆ, ಎಂದೆ. ನಾವು ನಮ್ಮ ಗೆಳೆಯನ ನೆನಪಿಗೆ ಅದಕ್ಕೆ ಅಮಾರುಕ್ ಎಂದು ಹೆಸರಿಡುತ್ತೇವೆ, ಎಂದೆ.

ರೆಗೀಲಿ ಅತ್ತೆ ಸೂಜಿ ನಿಲ್ಲಿಸಿದರು.

"ಏನಂದೆ? ಬಂದರಿಗೆ ಮನುಷ್ಯನ ಹೆಸರಾ?"

"ಹೂಂ ಅತ್ತೆ. ಹಾಗಂತಾನೆ."

"ಮನುಷ್ಯನ ಹೆಸರು ಕೂಸಿಗೆ ಇಡ್ತಾರೆ ಕಣಪ್ಪ. ಬಂದರಿಗೆ ಹಾಲು ಕುಡಿಸೋರು ಯಾರು? ಅದು ಉಚ್ಚೆ ಹೊಯ್ದ್ರೆ ನೀನು ಬಂದು ಒರೆಸ್ತೀಯಾ?"

ಜನ ನಕ್ಕರು. ಹಿಂದಿನಿಂದ ಯಾರೋ, "ಒರೆಸೋಕೆ ಇನ್ನೊಂದು ಸಮಿತಿ ಮಾಡ್ತಾರೆ ಬಿಡಜ್ಜಿ" ಎಂದರು. ಇನ್ನೂ ನಕ್ಕರು. ನಾನು ಅದನ್ನೂ ಅನುವಾದಿಸಿದೆ. ಡೆರೆಕ್ ಕೂಡ ನಗಲು ನೋಡಿದ.

ಕುಪ್ಪಾಕ್ ಮಾವ ನಗಲಿಲ್ಲ. ಎದ್ದು ನಿಂತರು. ನಗು ತಾನಾಗಿ ಅಡಗಿತು.

"ಒಂದು ಕೇಳ್ತೀನಿ. ಅವತ್ತು ನಾವು ಮೂರು ಜನ ಬೇಟೆ ಮುಗಿಸಿ ಮಂಜಿನ ಅಂಚಿಂದ ವಾಪಸ್ ಬರ್ತಿದ್ವಿ. ಮಬ್ಬು ಕವಿದಿತ್ತು. ದಾರಿಗೆ ಅಡ್ಡವಾಗಿ ಕೋಲುಗಳು, ಒಂದೊಂದಕ್ಕೂ ಕೆಂಪು ಬಟ್ಟೆ. ಬಿರುಕಿಲ್ಲ, ನೀರಿಲ್ಲ. ಬರೀ ಕೋಲು. ಬಿರುಕು ಬೀಳೋಕೆ ಮುಂಚೇನೇ ಬಾವುಟ ನೆಡೋ ಬೇಟೆಗಾರನ್ನ ನಾನು ನೋಡಿಲ್ಲ. ಬಂಡಿ ಇಳಿದು ಮಂಜನ್ನ ಕುಟ್ಟಿಕೊಂಡು ನಡ್ಕೊಂಡೇ ಬಂದ್ವಿ. ಊರಿನ ಹತ್ರ ಬಂದಾಗ ಹಡಗಿನ ದಾರಿ ಸಿಕ್ತು. ಅದ್ರಲ್ಲಿ ನಮ್ಮ ಹುಡುಗನೂ ಸಿಕ್ಕ. ಅವನ ಜೇಬಲ್ಲಿ ಅದೇ ಕೆಂಪು ಬಟ್ಟೆ." ಅವರು ಡೆರೆಕ್‌ನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಹಡಗು ಬರುತ್ತೆ ಅಂತ ಅವನಿಗೆ ಯಾರು ಹೇಳಿದ್ರು? ಅದನ್ನ ಕೇಳು."

ಕೋಲುಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕಲ್ಲು ಪೇರಿಸಿ ಬಂದ ರಾತ್ರಿಯೇ ಅದು ಊರಿಗೆಲ್ಲ ಹರಡಿತ್ತು. ನನ್ನ ಹೊಸ್ತಿಲು ಯಾಕೆ ಖಾಲಿಯಿತ್ತು ಎಂದು ಆಗ ತಿಳಿಯಿತು. ಅವನಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು ಎಂದುಕೊಂಡಿದ್ದರು.

ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. ನನ್ನ ಸ್ವರ ಸರಿಯಾಗಿಯೇ ಇತ್ತು.

"ಅಮಾರುಕ್‌ಗೆ ನಾವೇ ಹೇಳಿದ್ವಿ" ಎಂದ ಡೆರೆಕ್. "ಚಳಿಗಾಲದಲ್ಲಿ ರಾಜಧಾನಿಗೆ ಬಂದಾಗ ಬೇಟೆಗಾರರ ಪರವಾಗಿ ಅವನೇ ಒಪ್ಪಿಗೆ ಕೊಟ್ಟ. ಮಂಜು ಇರುವಾಗಲೇ ಒಂದು ಸಲ, ಒಂದೇ ಸಲ, ಹಡಗು ಹೋಗಲಿ ಅಂತ." ಆಮೇಲೆ ದನಿ ತಗ್ಗಿಸಿ ನನಗೆ, "ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ" ಎಂದ.

ಇಂಗ್ಲಿಷ್ ಬಲ್ಲ ಹುಡುಗರು ಆಗಲೇ ತಲೆ ತಗ್ಗಿಸಿದ್ದರು. ಕುಪ್ಪಾಕ್ ಮಾವ ಮಾತ್ರ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದರು. ಅವರಿಗೆ ಅದು ನನ್ನಿಂದ ಬರಬೇಕಿತ್ತು. ಈ ವಾಕ್ಯ ಹೇಳಿದರೆ ಲೀಟಿಯಾಳ ಕೂಸಿಗೆ ಮಾವ ತಾವಾಗಿ ಆ ಹೆಸರು ಕೊಡುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

"ಅಮಾರುಕ್‌ಗೆ ನಾವೇ ಹೇಳಿದೆವು" ಎಂದೆ. "ನಿಮ್ಮೆಲ್ಲರ ಪರವಾಗಿ ಅವನೇ ಒಪ್ಪಿಗೆ ಕೊಟ್ಟ."

"ಇದು ಅವನ ಮಾತಾ, ನಿನ್ನ ಮಾತಾ?"

"ಅವನ ಮಾತು ಮಾವ. ನನಗೆ ಗೊತ್ತಾದದ್ದು ಈಗಲೇ."

ಅಷ್ಟು ಹೇಳಿದ ಮೇಲೆ ದುಭಾಷಿಯಾಗಿ ಉಳಿಯಲು ಆಗಲಿಲ್ಲ. ನಾನು ಡೆರೆಕ್‌ನ ಕಡೆ ತಿರುಗಿದೆ.

"ಅವನು ಸುಮ್ಮನೆ ಒಪ್ಪೋನಲ್ಲ. ಬದಲಿಗೆ ಏನು ಕೊಡ್ತೀವಿ ಅಂದಿದ್ರಿ?"

"ಈ ಒಂದು ಪ್ರಯಾಣ ಬಿಟ್ಟುಕೊಟ್ರೆ, ಜುಲೈವರೆಗೆ ಜಲಸಂಧಿ ಮುಚ್ಚಿರುತ್ತೆ ಅನ್ನೋದನ್ನ ಕಾರ್ಯನೀತಿಯಲ್ಲೇ ಸೇರಿಸ್ತೀವಿ ಅಂದಿದ್ವಿ. ಕಾಯಂ ಆಗಿ. ಅದು ಬರೀ ಬಾಯಿಮಾತಾಗಿ ಉಳಿಯಬಾರದು ಅಂತ ಅವನಿಗಿತ್ತು."

"ಸೇರಿಸಿದ್ದೀರಾ?"

ಅವನು ನಕ್ಷೆಯ ಕಡೆ ನೋಡಿದ.

"ಪ್ರಯಾಣ ಯಶಸ್ವಿಯಾಯ್ತು ನಿವಿಯಾ. ಮೇ ತಿಂಗಳಲ್ಲೂ ಹೋಗಬಹುದು ಅಂತ ಗೊತ್ತಾಯ್ತು. ಅದಾದ ಮೇಲೆ ಮೇಲಿನವರು ಮುಚ್ಚೋಕೆ ಒಪ್ಪಲಿಲ್ಲ. ನಾವು ಓಡಿಸದಿದ್ರೆ ಬೇರೆಯವರು ಓಡಿಸ್ತಾರೆ. ಇದು ದೇಶದ ಪ್ರಶ್ನೆ."

"ಕೋಲು ನೆಟ್ಟ ಕಡೆ ಹಡಗು ಬರಲಿಲ್ಲ."

"ಅವನಿಗೆ ಹೇಳಿದ ಗೆರೆಯಲ್ಲಿ ಮಂಜು ತುಂಬಾ ದಪ್ಪ ಇತ್ತಂತೆ. ಕ್ಯಾಪ್ಟನ್ ಊರಿನ ಕಡೆಗೆ ಸರಿದ್ರು. ತಿಳಿಸೋಕೆ ಆಗಲಿಲ್ಲ."

ಹಾಗಾದರೆ ಅಮಾರುಕ್ ತನಗೆ ಹೇಳಿದ್ದ ಗೆರೆಯಲ್ಲೇ ಕೋಲು ನೆಟ್ಟ. ಬೇಟೆಗಾರರು ನಿಲ್ಲುತ್ತಾರೆ ಎಂದು ನಂಬಿದ. ಅಪಾಯ ಹಿಂದೆ ಉಳಿಯಿತು ಎಂದುಕೊಂಡು ಊರಿನ ಕಡೆ ಜೋರಾಗಿ ಬಂಡಿ ಓಡಿಸಿದ. ನಾನು ಡೆರೆಕ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಸಭೆಗೆ ಹೇಳಿದೆ. ನಡುವೆ ಒಂದು ಕಡೆ ಮಾತ್ರ ನೀರು ಕುಡಿದೆ.

"ನಮ್ಮಪ್ಪನ್ನ ಇಲ್ಲಿಗೆ ಸರ್ಕಾರದವರೇ ಹಡಗಲ್ಲಿ ತಂದು ಇಳಿಸಿದ್ದು" ಎಂದರು ಕುಪ್ಪಾಕ್ ಮಾವ. "ಬೇಟೆ ಚೆನ್ನಾಗಿದೆ, ಬೇಡ ಅನ್ನಿಸಿದ್ರೆ ವಾಪಸ್ ಬಿಡ್ತೀವಿ ಅಂದ್ರಂತೆ. ಅಪ್ಪ ಸಾಯೋವರೆಗೂ ಆ ಹಡಗಿಗೆ ಕಾದ. ಇಲ್ಲಿ ಜನ ಇದ್ದಾರೆ ಅಂತ ತೋರಿಸೋಕೆ ಅವರಿಗೆ ನಾವು ಬೇಕಿತ್ತು. ಆಗ ಬಾವುಟದ ಕೋಲು ಆಗಿದ್ವಿ, ಈಗ ಬಂದರು ಆಗ್ತೀವಿ. ಇದನ್ನ ಅವನಿಗೆ ಹೇಳು ಮಗಳೇ. ನಿಧಾನಕ್ಕೆ ಹೇಳು, ಅರ್ಥ ಆಗ್ಲಿ."

ಹೇಳಿದೆ. ಮುಗಿಸುವ ಹೊತ್ತಿಗೆ ಅವರು ಹೊರಟುಹೋಗಿದ್ದರು. ಜನರೂ ಎದ್ದರು. ಡೆರೆಕ್ ನಕ್ಷೆ ಸುತ್ತುತ್ತಿದ್ದ. ಏನೋ ಹೇಳಲು ಬಂದ. ನಾನು ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ಬಂದೆ.

ಡೆರೆಕ್‌ನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದು ನನಗೆ ಹೊಸತಾಗಿರಲಿಲ್ಲ, ಹುಟ್ಟಿದಾಗಿನಿಂದ ಕೇಳಿದ ಕಥೆಯೇ. ಹೊಸತಾಗಿದ್ದದ್ದು ಇನ್ನೊಂದು. ಒಂದಿಡೀ ಚಳಿಗಾಲ ಅಮಾರುಕ್ ಇದನ್ನು ಎದೆಯಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಮಲಗಿದ್ದ. ರೇಡಿಯೋದಲ್ಲಿ ಏನು ಹೇಳಬೇಕೆಂದು ನನ್ನನ್ನು ಕೇಳುತ್ತಿದ್ದವನು, ನನ್ನ ವ್ಯಾಕರಣವನ್ನು ಗೇಲಿ ಮಾಡುತ್ತಿದ್ದವನು. ಹೊರಡುವಾಗ, "ಒಂದು ಸೀಲ್ ನೋಡ್ಕೊಂಡು ಬಂದ್ಬಿಡ್ತೀನಿ" ಎಂದ. "ಕೊಬ್ಬಿರೋದು ತಗೊಂಬಾ" ಎಂದೆ. ನಮ್ಮ ಕೊನೆಯ ಮಾತು ಅದು.

ಫೋನ್ ಹೊಡೆದುಕೊಂಡಿತು. ಲೀಟಿಯಾ.

"ಅತ್ತಿಗೆ, ಗಂಡು. ಇವತ್ತು ಬೆಳಿಗ್ಗೆ."

"ಹೇಗಿದ್ದೀಯ?"

"ನಾನಿದ್ದೀನಿ. ಅದು ಅಳು ನಿಲ್ಲಿಸ್ತಿಲ್ಲ. ಹಾಲು ಬಾಯಿಗಿಟ್ರೆ ಮುಖ ತಿರುಗಿಸುತ್ತೆ. ನರ್ಸು ಹೊಟ್ಟೇಲಿ ಗಾಳಿ ಅಂತಾಳೆ. ಗಾಳಿಯಲ್ಲ, ಹೆಸರು ಕೇಳ್ತಿದೆ. ಮಾವ ಫೋನ್ ಎತ್ತುತ್ತಿಲ್ಲ."

ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಒಣ ಅಳು.

"ಸಭೆಯ ವಿಷಯ..."

"ಗೊತ್ತಾಯ್ತು. ಇಲ್ಲಿರೋ ನಮ್ಮೂರಿನೋರ ಫೋನೆಲ್ಲ ಆಗಲೇ ಬಡ್ಕೊಂಡಾಯ್ತು." ಅವಳು ಮೂಗೊರೆಸಿಕೊಂಡಳು. "ನೀನೇ ಮಾವನ ಹತ್ರ ಹೋಗು. ಹೆಂಡತಿ ಬಾಯಿಬಿಟ್ಟು ಕೇಳಿದ್ರೆ ಹಿರಿಯರು ಇಲ್ಲ ಅನ್ನೋ ಹಾಗಿಲ್ಲ. ಅದು ಅವರಿಗೂ ಗೊತ್ತು. ಕೇಳ್ತೀಯಾ?"

"ಹೋಗ್ತೀನಿ."

ಹೊರಕೋಣೆಯಲ್ಲಿ ಬೂಟು ಹಾಕಿಕೊಳ್ಳುವಾಗ ಮಂಜು ಕೊರೆಯುವ ಬೈರಿಗೆ ಕಾಲಿಗೆ ತಾಗಿತು. ಹಿಮಬಂಡಿಯ ಹಿಂದೆ ಕಟ್ಟಿದ್ದ, ಪೂರ್ತಿ ಮುಳುಗದ ಜಾರುಬಂಡಿಯ ಮೇಲೆ ಉಳಿದಿದ್ದದ್ದನ್ನು ಯಾರೋ ತಂದು ಅಲ್ಲಿ ಒರಗಿಸಿ ಹೋಗಿದ್ದರು. ನಮ್ಮದಲ್ಲ. ಹಿಡಿಗೆ ವಾಲ್ರಸ್ ಚರ್ಮ ಸುತ್ತಿತ್ತು. ಹಾಗೆ ಸುತ್ತುವವರು ಊರಲ್ಲಿ ಕುಪ್ಪಾಕ್ ಮಾವ ಒಬ್ಬರೇ. ಅಲಗಿಗೆ ಉಪ್ಪು ಕಚ್ಚಿ ತುಕ್ಕು ಹಿಡಿಯಲು ಶುರುವಾಗಿತ್ತು. ಎರವಲು ತಂದದ್ದನ್ನು ಹಾಗೆ ಮರಳಿಸಬಾರದು. ಕೂತು ತುಕ್ಕು ತಿಕ್ಕಿದೆ, ಅರದಿಂದ ಅಲಗು ಮಸೆದೆ, ಎಣ್ಣೆ ಹಚ್ಚಿದೆ. ಅಷ್ಟೂ ಹೊತ್ತು ಕೂಸು ಅಳುತ್ತಿರುತ್ತದೆ ಎಂದು ಗೊತ್ತಿತ್ತು. ಕೈ ಬೇಗ ಓಡಲಿಲ್ಲ.

ಅವರ ಮನೆಯಲ್ಲಿ ಇಬ್ಬರೂ ನೆಲದ ಮೇಲೆ ರಟ್ಟು ಹಾಸಿಕೊಂಡು ಹೆಪ್ಪುಗಟ್ಟಿದ ಮೀನು ಕೊಯ್ದು ತಿನ್ನುತ್ತಿದ್ದರು.

"ಬಾ, ಕೂತ್ಕೋ, ತಿನ್ನು" ಎಂದರು ರೆಗೀಲಿ ಅತ್ತೆ. ಆಮೇಲೆ ನನ್ನ ಕೈ ನೋಡಿದರು. "ಅಯ್ಯೋ, ಅದಾ."

"ನನ್ನ ಬೈರಿಗೆ ಅಲ್ವಾ ಅದು?" ಎಂದರು ಮಾವ.

"ನಾನೇ ಕೊಟ್ಟಿದ್ದು ಕಣ್ರೀ. ನೀವು ಅಂಚಿಗೆ ಹೋಗಿದ್ರಲ್ಲ, ಆಗ ಬಂದಿದ್ದ. ಮೀನಿಗೆ ತೂತು ಹಾಕ್ತೀನಿ ಅತ್ತೆ, ನಿಮಗೂ ಎರಡು ತರ್ತೀನಿ ಅಂದ."

"ನನಗೆ ಸೀಲ್ ಅಂದಿದ್ದ" ಎಂದೆ.

ಕೋಲು ನೆಡಲು ಅವನು ಮಂಜು ಕೊರೆದದ್ದು ಅದರಿಂದಲೇ ಎಂದು ಮೂವರಿಗೂ ತಿಳಿಯಿತು. ಮಾವ ಚಾಕು ಒರೆಸಿ ಪಕ್ಕಕ್ಕಿಟ್ಟರು.

"ಕೂಸು ಅಳ್ತಿದೆಯಂತೆ."

"ಹೂಂ. ಹಾಲು ಹಿಡೀತಿಲ್ಲ."

"ನೋಡು ಮಗಳೇ. ಆ ಕೋಲು ನೆಡದಿದ್ರೆ ನಾನು ಇವತ್ತು ಇಲ್ಲಿ ಕೂತು ಮೀನು ತಿಂತಿರಲಿಲ್ಲ. ಅವನು ಒಪ್ಪದಿದ್ದಿದ್ರೆ ಕೋಲೇ ಬೇಕಿರಲಿಲ್ಲ. ನನ್ನ ಹತ್ರ ಬಂದು, ಮಾವ, ಹೀಗೆ ಕೇಳ್ತಿದ್ದಾರೆ, ಏನು ಮಾಡ್ಲಿ ಅಂದಿದ್ರೆ... ನಾನು ಬೈತಿದ್ದೆ. ಬೈಸ್ಕೊಳ್ಳೋಕೆ ಹೆದರಿದ ನನ್ಮಗ." ಅವರ ಕಣ್ಣು ಕೆಂಪಾಗಿತ್ತು. "ನಾನಾಗಿ ಆ ಹೆಸರು ಕೊಡಲಾರೆ. ನೀನು ಕೇಳಿದ್ರೆ ಕೊಡ್ತೀನಿ. ಇಲ್ಲ ಅನ್ನಲ್ಲ. ಕೇಳು."

ರೆಗೀಲಿ ಅತ್ತೆ ನನ್ನನ್ನೇ ನೋಡುತ್ತಿದ್ದರು, ಕೇಳೇ ಎನ್ನುವ ಹಾಗೆ.

ನನಗೆ ಬೇಕಿದ್ದದ್ದು ಅದೊಂದೇ. ಒಂದು ಮಾತಿನ ದೂರದಲ್ಲಿತ್ತು. ಕೇಳಿದರೆ ಆ ಕೂಸನ್ನು ನಾನು ಗಂಡ ಎಂದು ಕರೆಯಬೇಕು, ಅದು ದೊಡ್ಡದಾಗಿ ಮದುವೆಯಾಗಿ ಮುದುಕನಾಗುವವರೆಗೂ. ಕರೆದಾಗಲೆಲ್ಲ, ನನಗೆ ಯಾಕೆ ಹೇಳಲಿಲ್ಲ ಎಂದು ಅದರ ಮುಖವನ್ನು ಹುಡುಕುತ್ತೇನೆ. ಕೂಸು ಏನೆಂದು ಹೇಳೀತು?

"ಇದನ್ನ ಕೊಡೋಕೆ ಬಂದೆ ಮಾವ."

"ಅಷ್ಟೇನಾ?"

"ಅಷ್ಟೇ."

ಅವರು ಹೆಂಡತಿಯ ಕಡೆ ತಿರುಗಿ, "ಲೀಟಿಯಾಗೆ ಫೋನ್ ಹಚ್ಚು. ನಮ್ಮಪ್ಪನ ಹೆಸರಿಡು ಅಂತ ಹೇಳು. ಹಾಲು ಕುಡೀಲಿ ಅದು" ಎಂದರು.

ರೆಗೀಲಿ ಅತ್ತೆ ಕೈ ಒರೆಸಿಕೊಂಡು ಎದ್ದರು. ನಾನು ಬೈರಿಗೆಯನ್ನು ಹಿಡಿ ಮುಂದಾಗಿ ಚಾಚಿದೆ. ಮಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.